ಕಾರಿನ ಊರು, ಕೆಳಗೆ ಉಪ್ಪಿನ ಗಣಿ

ಡೆಟ್ರಾಯಿಟ್ ಅಂದ ತಕ್ಷಣ ನಿಮಗೆ ಏನು ನೆನಪಾಗುತ್ತೆ? ಕಾರು. ಫೋರ್ಡ್, ಜನರಲ್ ಮೋಟಾರ್ಸ್, ಕ್ರೈಸ್ಲರ್. ಆದರೆ ವೀಕ್ಷಕರೇ, ಅದೇ ಊರಿನ ಅಡಿಯಲ್ಲಿ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ ಒಂದು ಉಪ್ಪಿನ ಗಣಿ ಇದೆ. ದೊಡ್ಡ ದೊಡ್ಡ ಲಾರಿಗಳನ್ನು ಮೇಲೆ ಬಿಚ್ಚಿ, ಬಿಡಿಭಾಗಗಳಾಗಿ ಇಳಿಸಿ, ಒಳಗೆ ಮತ್ತೆ ಜೋಡಿಸಿದ್ದಾರೆ. ಅಲ್ಲಿ ತೆಗೆಯೋ ಉಪ್ಪು ಊಟದ ಎಲೆಗಲ್ಲ, ಚಳಿಗಾಲದ ರಸ್ತೆಗೆ. ಮೇಲೆ ಕಾರು ಕಟ್ಟುವ ಊರು, ಕೆಳಗೆ ಅದೇ ಕಾರನ್ನು ತಿನ್ನುವ ಉಪ್ಪು!

ಕಾರು ಬರೋ ಮುಂಚೆ ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಹಿಮ ಯಾರಿಗೂ ಶತ್ರು ಆಗಿರಲಿಲ್ಲ. ಕುದುರೆ ಎಳೆಯುವ ಜಾರುಬಂಡಿಗೆ ಹಿಮ ಬೇಕೇ ಬೇಕು. ಅದನ್ನು ತೆಗೆಯೋದಿರಲಿ, ದೊಡ್ಡ ಮರದ ರೋಲರ್ ಹೊಡೆದು ಗಟ್ಟಿ ಮಾಡ್ತಿದ್ದರು. ಮೇಲ್ಛಾವಣಿ ಇರುವ ಸೇತುವೆಗಳ ಒಳಗೆ ಹಿಮ ಬೀಳಲ್ಲವಲ್ಲ, ಅಲ್ಲಿಗೆ ಆಳು ಹಚ್ಚಿ ಹೊರಗಿನಿಂದ ಹಿಮ ತುಂಬಿಸ್ತಿದ್ದರು! ರಬ್ಬರ್ ಟೈರು ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು. ಮರಳು, ಬೂದಿ ಎರಚಿ ನೋಡಿದರು. 1938ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯ ಪ್ರಯೋಗಕ್ಕೆಂದು ರಸ್ತೆಗೆ ಉಪ್ಪು ಹಾಕಿತು. 1941-42ರ ಚಳಿಗಾಲದಲ್ಲಿ ಇಡೀ ಅಮೆರಿಕದ ಹೆದ್ದಾರಿಗಳಿಗೆ ಬಿದ್ದ ಉಪ್ಪು ಸುಮಾರು 5,000 ಟನ್. ಇವತ್ತು? ವರ್ಷಕ್ಕೆ ಹತ್ತಿರಹತ್ತಿರ 2 ಕೋಟಿ ಟನ್. ಯುದ್ಧ ಮುಗಿದ ಮೇಲೆ ಉಪನಗರಗಳು ಬೆಳೆದವು, ಹೆದ್ದಾರಿಗಳು ಬಂದವು, ಹಿಮ ಬಿದ್ದರೂ ಡಾಂಬರು ಕಾಣಲೇಬೇಕು ಅನ್ನೋದು ಜನರ ಹಕ್ಕಾಗಿಬಿಟ್ಟಿತು.

ಉಪ್ಪು ಮಾಡೋದಿಷ್ಟೇ. ಶುದ್ಧ ನೀರು ಸೊನ್ನೆ ಡಿಗ್ರಿಗೆ ಗಟ್ಟಿಯಾಗುತ್ತೆ, ಉಪ್ಪುನೀರು ಅದಕ್ಕಿಂತ ಕಡಿಮೆ ಶಾಖದಲ್ಲೂ ದ್ರವವಾಗಿಯೇ ಇರುತ್ತೆ. ಮೈನಸ್ 9 ಡಿಗ್ರಿ ಆಸುಪಾಸಿಗೆ ಬಂದರೆ ಉಪ್ಪಿನ ಕೈ ಸೋಲುತ್ತೆ, ಆಗ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಬೇಕಾಗುತ್ತೆ. ಇದರಿಂದ ಅಪಘಾತ ತಪ್ಪಿದೆ, ಜೀವ ಉಳಿದಿದೆ, ಅದನ್ನು ಒಪ್ಪಲೇಬೇಕು.

ಆದರೆ ಆ ಉಪ್ಪುನೀರು ಎಲ್ಲಿಗೆ ಹೋಗುತ್ತೆ? ಮೊದಲು ಕಾರಿನ ಅಡಿಗೆ. ಕಬ್ಬಿಣ ತುಕ್ಕು ಹಿಡಿಯೋದು ಅಂದರೆ ಅದು ಎಲೆಕ್ಟ್ರಾನ್ ಕಳೆದುಕೊಳ್ಳೋದು. ಉಪ್ಪುನೀರು ವಿದ್ಯುತ್ತಿಗೆ ಒಳ್ಳೇ ದಾರಿ, ಹಾಗಾಗಿ ಕೆಲಸ ಬೇಗ ಬೇಗ ನಡೆಯುತ್ತೆ. ಇಂಜಿನಿಯರಿಂಗ್‌ನಲ್ಲಿ ನಾನಿದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅರ್ಥ ಆಗಿದ್ದು ಮಂಗಳೂರಿನಲ್ಲಿ ಸಮುದ್ರದ ಗಾಳಿ ಕುಡಿದ ಹಳೇ ಕಾರೊಂದರ ಅಡಿಗೆ ಬಗ್ಗಿ ನೋಡಿದಾಗ. ಹೊರಗೆ ಬಣ್ಣ ಪಳಪಳ, ಒಳಗೆ ಹಪ್ಪಳ. ಸೈಲೆನ್ಸರ್ ತೂತಾದರೆ ಸದ್ದು ಬರುತ್ತೆ, ಗೊತ್ತಾಗುತ್ತೆ. ಬ್ರೇಕ್ ಪೈಪು ತುಕ್ಕು ತಿಂದರೆ? ಪೆಡಲ್ ತುಳಿದಾಗಲೇ ಗೊತ್ತಾಗೋದು. ಕಂಪನಿಗಳು ಎಪ್ಪತ್ತು, ಎಂಬತ್ತರ ದಶಕದಲ್ಲಿ ಉಕ್ಕಿಗೆ ಸತುವಿನ ಲೇಪನ ಕೊಡೋಕೆ ಶುರು ಮಾಡಿದವು. ಸತುವು ತಾನು ಸವೆದು ಉಕ್ಕನ್ನು ಉಳಿಸುತ್ತೆ. ಕಾರಿನ ಆಯಸ್ಸು ಹೆಚ್ಚಾಯಿತು.

ಉಪ್ಪು ಮಾತ್ರ ಎಲ್ಲೂ ಹೋಗಲಿಲ್ಲ. ಚರಂಡಿಗೆ ಇಳಿಯಿತು, ಚರಂಡಿಯಿಂದ ನದಿಗೆ.

ಡೆಟ್ರಾಯಿಟ್‌ನಿಂದ ಸುಮಾರು ನೂರು ಕಿಲೋಮೀಟರ್ ದೂರ ಫ್ಲಿಂಟ್ ಅಂತ ಊರು. 1908ರಲ್ಲಿ ಜನರಲ್ ಮೋಟಾರ್ಸ್ ಹುಟ್ಟಿದ್ದೇ ಅಲ್ಲಿ. 2014ರ ಏಪ್ರಿಲ್‌ನಲ್ಲಿ ದುಡ್ಡು ಉಳಿಸೋಕೆ ಅಂತ ಊರಿಗೆ ಫ್ಲಿಂಟ್ ನದಿಯ ನೀರು ಬಿಟ್ಟರು. ಆ ನೀರಲ್ಲಿ ಕ್ಲೋರೈಡ್ ಹಿಂದಿನ ನೀರಿಗಿಂತ ಹಲವು ಪಟ್ಟು. ಅದಕ್ಕೆ ರಸ್ತೆಗೆ ಸುರಿದ ಉಪ್ಪೂ ಒಂದು ಕಾರಣ. ಪೈಪು ಸವೆಯದಂತೆ ಬೆರೆಸಬೇಕಿದ್ದ ರಾಸಾಯನಿಕವನ್ನು ಆಡಳಿತ ಬೆರೆಸಲೇ ಇಲ್ಲ. ಸೀಸದ ಪೈಪುಗಳಿಂದ ಸೀಸ ಕರಗಿ ಮಕ್ಕಳ ರಕ್ತಕ್ಕೆ ಸೇರಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರೆ ನಮ್ಮಲ್ಲಿ. ಇಲ್ಲಿ ಉಪ್ಪು ತಿಂದಿದ್ದು ರಸ್ತೆ, ನೀರು ಕುಡಿದಿದ್ದು ಬಡವರ ಮಕ್ಕಳು.

ಬೇಗ ಎಚ್ಚೆತ್ತವರಲ್ಲಿ ಯಾರಿದ್ದರು ಗೊತ್ತಾ? ಕಾರಿನ ಕಾರ್ಖಾನೆ. ಈ ನೀರಿಗೆ ನಮ್ಮ ಇಂಜಿನ್ ಭಾಗಗಳು ತುಕ್ಕು ಹಿಡೀತಿವೆ ಅಂತ ಜನರಲ್ ಮೋಟಾರ್ಸ್ ಹೇಳಿತು. 2014ರ ಅಕ್ಟೋಬರ್‌ನಲ್ಲಿ ಇಂಜಿನ್‌ಗಳಿಗೆ ಬೇರೆ ನೀರಿನ ವ್ಯವಸ್ಥೆಗೆ ಒಪ್ಪಿಗೆ ಸಿಕ್ಕಿತು. ಊರಿನ ನಲ್ಲಿಗಳಿಗೆ ಹಳೇ ನೀರು ವಾಪಸ್ ಬಂದಿದ್ದು 2015ರ ಅಕ್ಟೋಬರ್‌ನಲ್ಲಿ.