ಹರಿದ ಬೆರಳು, ಮತ್ತೆ ಬಂಡೆ

ಬಂಡೆ ಏರುವವರ ಬೆರಳಿನ ಗಾಯ ವೈದ್ಯಶಾಸ್ತ್ರದ ಕಣ್ಣಿಗೆ ಬಿದ್ದದ್ದು ತೀರ ಈಚೆಗೆ. ಮೊದಲೆಲ್ಲ ಬಂಡೆಯೆಂದರೆ ಬೀಳುವ ಭಯವೇ ದೊಡ್ಡದು. ಬೋಲ್ಟ್ ಹೊಡೆದ ದಾರಿಗಳು ಬಂದ ಮೇಲೆ ಜಾರಿದವರನ್ನು ಹಗ್ಗ ಹಿಡಿಯಿತು. ಧೈರ್ಯ ಹೆಚ್ಚಿತು, ಹಿಡಿಯುವ ಅಂಚುಗಳು ಕಿರಿದಾದವು, ಮೈಭಾರವೆಲ್ಲ ಬೆರಳ ತುದಿಗೆ ಬಂತು. ಬ್ರಿಟನ್ನಿನ ಶಸ್ತ್ರವೈದ್ಯ ಸ್ಟೀವ್ ಬೋಲೆನ್ 1988ರಲ್ಲಿ ಇಂಥ ಗಾಯಗಳ ಬಗ್ಗೆ ಬರೆದರು.

ಬೆರಳನ್ನು ಮಡಚುವ ಸ್ನಾಯುರಜ್ಜು ಎಲುಬಿಗೆ ಅಂಟಿಕೊಂಡಿರುವಂತೆ ಉಂಗುರದಂಥ ಐದು ಪಟ್ಟಿಗಳು ಹಿಡಿದಿರುತ್ತವೆ. ಬುಡದಿಂದ ಎರಡನೆಯದು, ನಾಲ್ಕನೆಯದು ಮುಖ್ಯ. ನಡುಗೆಣ್ಣು ಮಡಚಿ ತುದಿಗೆಣ್ಣು ಹಿಂದಕ್ಕೆ ಬಾಗಿಸಿ ಅಂಚು ಹಿಡಿದಾಗ ಎರಡನೆಯ ಪಟ್ಟಿಯ ಮೇಲೆ ಬೆರಳ ತುದಿಗಿಂತ ಹಲವು ಪಟ್ಟು ಎಳೆತ ಬೀಳುತ್ತದೆ. ಕಾಲು ಜಾರಿದ ಆ ಕ್ಷಣದಲ್ಲಿ ಅದು ಟಪ್ಪೆಂದು ಹರಿಯುತ್ತದೆ, ಹೆಚ್ಚಾಗಿ ಉಂಗುರಬೆರಳಿನಲ್ಲಿ.

ನಮ್ಮ ಕಡೆಗೆ ಬಂದರೆ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ತಳ ದಖ್ಖನ್ನಿನ ಕರಿಕಲ್ಲು. ಇಲ್ಲಿ ಕೈಬಲ ಬೆಳೆದದ್ದು ಗರಡಿಮನೆಯಲ್ಲಿ, ಕುಸ್ತಿಯ ಕಣದಲ್ಲಿ. ಬಂಡೆ ಏರಬೇಕೆಂದರೆ ಆಗ್ನೇಯಕ್ಕೆ, ಬಾದಾಮಿಯ ಕೆಂಪು ಮರಳುಗಲ್ಲಿಗೆ ಹೋಗಬೇಕು. ನೆಟ್ಟಗೆ ನಿಂತ ಗೋಡೆಗಳು, ಅಡ್ಡ ಸೀಳಿದ ಸಣ್ಣ ಅಂಚುಗಳು ಬೆರಳನ್ನೇ ಪರೀಕ್ಷಿಸುತ್ತವೆ. ಅಲ್ಲಿನ ‘ಗಣೇಶ’ ದೇಶದ ಅತಿ ಕಠಿಣ ದಾರಿಗಳ ಸಾಲಿನದು.

ಶಸ್ತ್ರಚಿಕಿತ್ಸೆಗಾದರೆ ಈ ಸೀಮೆಯ ಜನ ತಲೆಮಾರುಗಳಿಂದ ಹಿಡಿದ ದಾರಿ ಮಿರಜಿನದು. ಕಾಗವಾಡದ ನೆರೆಯ ಆ ಊರಿನಲ್ಲಿ ವಿಲಿಯಂ ವಾನ್‌ಲೆಸ್ 1894ರಲ್ಲಿ ಆಸ್ಪತ್ರೆ ತೆರೆದಿದ್ದರು. ಆದರೆ ಆ ಕಾಲದಲ್ಲಿ ಬೆರಳಿನ ರಜ್ಜು ಎಲ್ಲೆಡೆಯೂ ಶಸ್ತ್ರವೈದ್ಯರನ್ನು ಸೋಲಿಸುತ್ತಿತ್ತು: ಹೊಲಿದರೆ ಸುತ್ತಲ ಮಾಂಸಕ್ಕೆ ಅಂಟಿ ಬೆರಳು ಸೆಟೆಯುತ್ತಿತ್ತು. 1967ರಲ್ಲಿ ಅಮೆರಿಕದ ಹೆರಾಲ್ಡ್ ಕ್ಲೈನರ್ಟ್ ತಂಡ, ಹೊಲಿದ ಕೂಡಲೇ ರಬ್ಬರ್ ಪಟ್ಟಿಯ ಆಸರೆಯಲ್ಲಿ ಬೆರಳಾಡಿಸಿದರೆ ಅದು ಉಳಿಯುತ್ತದೆಂದು ತೋರಿಸಿತು. ಕೈಯ ಶಸ್ತ್ರಚಿಕಿತ್ಸೆಯ ನಿಜವಾದ ತಿರುವು ಇದೇ.

ಬಂಡೆ ಏರುವವರಿಗೆ ಸ್ಪಷ್ಟ ನಿಯಮ ಸಿಕ್ಕಿದ್ದು 2003ರಲ್ಲಿ. ಜರ್ಮನಿಯ ಫೋಲ್ಕರ್ ಶೋಫ್ಲ್, ಸ್ವತಃ ಬಂಡೆ ಏರುವ ವೈದ್ಯರು, ಗಾಯವನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದರು. ಒಂದೇ ಪಟ್ಟಿ ಹರಿದಿದ್ದರೆ ಸಾಮಾನ್ಯವಾಗಿ ಕತ್ತರಿ ಬೇಡ. ವಿಶ್ರಾಂತಿ, ಟೇಪು, ನಿಧಾನದ ವ್ಯಾಯಾಮ ಸಾಕು. ಹಲವು ಪಟ್ಟಿಗಳು ಹರಿದು ರಜ್ಜು ಬಿಲ್ಲಿನ ಹೆದೆಯಂತೆ ಎದ್ದು ನಿಂತರೆ ಮಾತ್ರ ಶಸ್ತ್ರಚಿಕಿತ್ಸೆ: ಮುಂಗೈಯಿಂದ ತೆಗೆದ ರಜ್ಜುವನ್ನು ಎಲುಬಿಗೆ ಸುತ್ತಿ ಹೊಸ ಪಟ್ಟಿ ಕಟ್ಟುವುದೂ ಅದರ ಒಂದು ವಿಧಾನ. ಬಳಿಕ ಸುಮಾರು ಎರಡು ವಾರ ಬೆರಳು ಅಲುಗಾಡದಂತೆ ಕಟ್ಟು, ನಾಲ್ಕು ತಿಂಗಳಿಗೆ ಹಗುರ ಆರೋಹಣ, ಆರು ತಿಂಗಳಿಗೆ ಪೂರ್ಣ ಭಾರ, ವರ್ಷ ದಾಟಿದರೂ ಟೇಪು. ಊತ ಇಳಿದ ಮಾತ್ರಕ್ಕೆ ಅವಸರದಿಂದ ಅಂಚಿಗೆ ಕೈ ಹಾಕಿದರೆ ಕಟ್ಟಿದ ಪಟ್ಟಿಯೇ ಸಡಿಲಾಗುತ್ತದೆ. ಬಂಡೆಗೆ ಯಾವಾಗ ಮರಳಬೇಕೆಂಬುದನ್ನು ಕೈಯ ಶಸ್ತ್ರವೈದ್ಯರೇ ನೋಡಿ ಹೇಳಬೇಕು.