ಮನೋರೋಗಿಗಳ ವಾರ್ಡು: ಇತಿಹಾಸ ಕಲಿಸುವ ಪಾಠ

ಜ್ವರ ಬಂದವನಿಗೆ ಮದ್ದು ಕುಡಿಸಿದರೆ ಅವನಿಗೆ ಇಷ್ಟವಿರಲಿ, ಇಲ್ಲದಿರಲಿ, ಜ್ವರ ಇಳಿಯಬಹುದು. ಮನಸ್ಸಿನ ಕಾಯಿಲೆಯ ಮಾತೇ ಬೇರೆ. ಅಲ್ಲಿ ಔಷಧಿಯ ಜೊತೆಗೆ ರೋಗಿಯ ಸಹಕಾರವೂ ಬೇಕು. ನಾನು ಗುಣವಾಗಬೇಕು ಎಂಬ ಆಸೆ ಅವನಲ್ಲಿ ಮೂಡಬೇಕು. ಆ ಆಸೆಯನ್ನು ಬೆಳೆಸುವುದರಲ್ಲೂ ಚಿವುಟುವುದರಲ್ಲೂ ಅವನನ್ನು ಇರಿಸಿದ ವಾರ್ಡಿನ ಪಾತ್ರ ದೊಡ್ಡದು. ಬೀಗ, ಕಂಬಿ, ದುರ್ವಾಸನೆ, ಗದರಿಕೆಗಳ ನಡುವೆ ದಿನ ಕಳೆಯುವವನಿಗೆ ಆಸ್ಪತ್ರೆಗೂ ಜೈಲಿಗೂ ಇರುವ ವ್ಯತ್ಯಾಸ ತಿಳಿಯುವುದಾದರೂ ಹೇಗೆ?

ಈ ಸತ್ಯ ಹಿಂದಿನವರಿಗೆ ತಿಳಿಯದ್ದೇನೂ ಅಲ್ಲ. ಮಧ್ಯಯುಗದ ಮುಸ್ಲಿಮ್ ನಗರಗಳಲ್ಲಿ ಆಸ್ಪತ್ರೆಗಳನ್ನು ಬೀಮಾರಿಸ್ತಾನ್ ಎಂದು ಕರೆಯುತ್ತಿದ್ದರು. ಸಿರಿಯಾದ ಅಲೆಪ್ಪೊದಲ್ಲಿ 1354ರಲ್ಲಿ ಸ್ಥಾಪನೆಯಾದ ಅರ್ಗುನ್ ಬೀಮಾರಿಸ್ತಾನ್‌ನಲ್ಲಿ ಮನೋರೋಗಿಗಳ ಕೋಣೆಗಳನ್ನು ಅಂಗಳಗಳ ಸುತ್ತ ಕಟ್ಟಲಾಗಿತ್ತು. ಅಂಗಳದ ನಡುವೆ ನೀರಿನ ಕಾರಂಜಿಯಿತ್ತು. ತುರ್ಕಿಯ ಎದಿರ್ನೆ ನಗರದಲ್ಲಿ ಸುಲ್ತಾನ್ ಎರಡನೇ ಬಾಯಜೀದ್ 1488ರಲ್ಲಿ ಪೂರ್ಣಗೊಳಿಸಿದ ಆಸ್ಪತ್ರೆಯನ್ನು 17ನೇ ಶತಮಾನದ ಪ್ರವಾಸಿ ಎವ್ಲಿಯಾ ಚೆಲೆಬಿ ವರ್ಣಿಸಿದ್ದಾನೆ. ಅಲ್ಲಿ ವಾರಕ್ಕೆ ಮೂರು ಬಾರಿ ಹತ್ತು ಮಂದಿ ಕಲಾವಿದರು ರೋಗಿಗಳಿಗಾಗಿ ಹಾಡಿ, ವಾದ್ಯ ನುಡಿಸುತ್ತಿದ್ದರಂತೆ. ವಸಂತದಲ್ಲಿ ಅವರಿಗೆ ಪರಿಮಳದ ಹೂಗಳನ್ನು ಕೊಡುತ್ತಿದ್ದರಂತೆ. ಆದರೆ ಉದ್ರಿಕ್ತರಾದವರನ್ನು ಸರಪಳಿಯಲ್ಲಿ ಬಿಗಿದಿದ್ದನ್ನೂ ಅವನು ಮರೆಮಾಚಿಲ್ಲ. ಪರಿಸರ ಮೃದುವಾಗಿತ್ತು, ನಂಬಿಕೆ ಮಾತ್ರ ಇನ್ನೂ ಪೂರ್ತಿಯಾಗಿರಲಿಲ್ಲ.

ಆ ನಂಬಿಕೆಯ ಪ್ರಯೋಗ ನಡೆದದ್ದು ಇಂಗ್ಲೆಂಡಿನಲ್ಲಿ. 1790ರಲ್ಲಿ ಯಾರ್ಕ್ ನಗರದ ಹುಚ್ಚಾಸ್ಪತ್ರೆಯಲ್ಲಿ ಹನ್ನಾ ಮಿಲ್ಸ್ ಎಂಬ ಕ್ವೇಕರ್ ಪಂಥದ ಮಹಿಳೆ ತೀರಿಕೊಂಡಳು. ಆಕೆಯನ್ನು ನೋಡಲು ಬಂದ ಕ್ವೇಕರ್ ಬಂಧುಗಳಿಗೆ ಒಳಗೆ ಪ್ರವೇಶ ಸಿಕ್ಕಿರಲಿಲ್ಲ. ಇದರಿಂದ ನೊಂದ ವಿಲಿಯಂ ಟ್ಯೂಕ್ ಎಂಬ ಚಹಾ ವ್ಯಾಪಾರಿಯ ಮುಂದಾಳತ್ವದಲ್ಲಿ 1796ರಲ್ಲಿ 'ರಿಟ್ರೀಟ್' ಎಂಬ ಆಶ್ರಯಧಾಮ ಆರಂಭವಾಯಿತು. ಹೊರಗಿನಿಂದ ಅದು ಹಳ್ಳಿಯ ದೊಡ್ಡ ಮನೆಯಂತೆ ಕಾಣುತ್ತಿತ್ತು. ಕಿಟಕಿಯ ಚೌಕಟ್ಟು ಕಬ್ಬಿಣದ್ದಾದರೂ ನೋಡುವವರಿಗೆ ಮರದ್ದೆಂದು ತೋರುತ್ತಿತ್ತು. ಅಂಗಳದಲ್ಲಿ ಮೊಲಗಳೂ ಕೋಳಿಗಳೂ ಓಡಾಡುತ್ತಿದ್ದವು. ರೋಗಿಗಳನ್ನು ಚಹಾಕ್ಕೆ ಕರೆಯುವ ರೂಢಿಯಿತ್ತು. ಅತಿಥಿಗಳಾಗಿ ಬಂದವರು ಒಳ್ಳೆಯ ಬಟ್ಟೆ ತೊಟ್ಟು ಮರ್ಯಾದೆಯಿಂದ ನಡೆದುಕೊಳ್ಳುತ್ತಿದ್ದರು.

ಟ್ಯೂಕ್‌ರ ಮೊಮ್ಮಗ ಸ್ಯಾಮ್ಯುಯೆಲ್ 1813ರಲ್ಲಿ ಪ್ರಕಟಿಸಿದ ಕೃತಿಯಲ್ಲೊಂದು ಘಟನೆಯಿದೆ. ದೈತ್ಯಕಾಯದ ಒಬ್ಬ ರೋಗಿಯನ್ನು ಕೋಳ ಹಾಕಿ ಅಲ್ಲಿಗೆ ತಂದರು. ಒಳಗೆ ಕಾಲಿಟ್ಟೊಡನೆ ಕೋಳ ಬಿಚ್ಚಲಾಯಿತು. ಮೇಲ್ವಿಚಾರಕರು ಅವನನ್ನು ತಮ್ಮ ಜೊತೆ ಊಟಕ್ಕೆ ಕೂರಿಸಿಕೊಂಡರು. ಇಲ್ಲಿ ನೀನು ಹೇಗಿರುತ್ತೀಯೋ ಅದು ನಿನ್ನ ನಡತೆಯನ್ನೇ ಅವಲಂಬಿಸಿದೆ, ಬಲವಂತ ಮಾಡುವ ಇಚ್ಛೆ ನಮಗಿಲ್ಲ ಎಂದು ತಿಳಿಸಿದರು. ಅವನು ತನ್ನನ್ನು ತಾನೇ ಹತೋಟಿಯಲ್ಲಿ ಇಟ್ಟುಕೊಳ್ಳುವೆನೆಂದು ಮಾತು ಕೊಟ್ಟ. ಉದ್ರೇಕ ಬಂದಾಗಲೆಲ್ಲ ಆ ಮಾತನ್ನು ನೆನಪಿಸುತ್ತಿದ್ದರು. ಸುಮಾರು ನಾಲ್ಕು ತಿಂಗಳಲ್ಲಿ ಅವನು ಗುಣವಾಗಿ ಮನೆಗೆ ಮರಳಿದ. ತನ್ನನ್ನು ನಂಬುವವರಿದ್ದಾರೆಂದು ಕಂಡಾಗ ಗುಣವಾಗುವ ಕೆಲಸದಲ್ಲಿ ತನಗೂ ಪಾಲಿದೆ ಎಂದು ಅವನಿಗೆ ಅನಿಸಿರಬೇಕು.

ನಮ್ಮ ದೇಶದಲ್ಲಿ ಈ ದಾರಿ ಇನ್ನೊಂದು ರೂಪ ತಾಳಿತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆ ರೋಗಿಗಳಿಂದ ಕಿಕ್ಕಿರಿದಿತ್ತು. ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆಗಳನ್ನು ಹಾಕಿಸಿ, ರೋಗಿಗಳ ಜೊತೆ ಮನೆಯವರೂ ಇರುವಂತೆ ಮಾಡಿದರು. ರೋಗಿಗೆ ತನ್ನವರು ಕೈಬಿಟ್ಟಿಲ್ಲ ಎಂಬ ಧೈರ್ಯ ಬಂತು. ಮನೆಯವರ ಕಣ್ಣೆದುರೇ ಅವನು ಸುಧಾರಿಸುತ್ತಿದ್ದುದರಿಂದ ಅವರ ಭಯವೂ ಕರಗಿತು. ಕುಟುಂಬವನ್ನು ಜೊತೆಗಿರಿಸಿಕೊಳ್ಳುವ ಈ ಪದ್ಧತಿಯನ್ನು ವೆಲ್ಲೂರಿನ ಸಿಎಂಸಿ ಮತ್ತು ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಕೂಡ ಬೆಳೆಸಿದವು.

ಇದೇ ದೇಶದಲ್ಲಿ, 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರು ಓಡಲಾರದೆ ಹೋದರು. 28 ಮಂದಿ ಮಡಿದರು. ಗುಣವಾಗಲಿ ಎಂಬ ಹರಕೆಯಿಂದ ಮನೆಯವರು ಬಿಟ್ಟುಹೋದ ಜೀವಗಳವು. 2017ರಲ್ಲಿ ಅಂಗೀಕಾರವಾಗಿ ಮರುವರ್ಷ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ಸಂಪೂರ್ಣ ನಿಷೇಧಿಸಿದೆ. ಶುಚಿಯಾದ ಪರಿಸರ, ಖಾಸಗಿತನ, ಮನರಂಜನೆ, ತನ್ನದೇ ಉಡುಪು ತೊಡುವ ಅವಕಾಶ, ಇವೆಲ್ಲವನ್ನೂ ಅದು ರೋಗಿಯ ಹಕ್ಕೆಂದು ಸಾರಿದೆ.

ಕಾನೂನು ಬಂದಿದೆ, ನಿಜ. ಆದರೆ ಹುಚ್ಚಾಸ್ಪತ್ರೆ ಎಂಬ ಮಾತಿಗೇ ಬೆಚ್ಚಿ, ಮಗಳ ಮದುವೆಗೆ ಅಡ್ಡಿಯಾದೀತೆಂದು ಅಂಜಿ, ಮನೆಯ ರೋಗಿಯನ್ನು ಕೋಣೆಯಲ್ಲಿ ಕೂಡಿಹಾಕುವವರು ನಮ್ಮ ನಡುವೆ ಈಗಲೂ ಇದ್ದಾರೆ. ಕೂಡಿಹಾಕಿದ ಕೋಣೆಯೂ ಒಂದು ವಾರ್ಡೇ ತಾನೇ? ಯಾರ್ಕಿನ ಊಟದ ಮೇಜು, ಅಮೃತಸರದ ಡೇರೆ ಇವೆರಡೂ ಭಾರೀ ಖರ್ಚಿನವಲ್ಲ. ರೋಗಿಯನ್ನು ಮನುಷ್ಯನೆಂದು ಕಂಡವರು ಅವನ್ನು ಒದಗಿಸಿದರು. ನಮ್ಮವರು ವಾರ್ಡಿನಲ್ಲಿದ್ದರೆ ನಾವು ವಾರಕ್ಕೊಮ್ಮೆಯಾದರೂ ಹೋಗಿ ಪಕ್ಕದಲ್ಲಿ ಕುಳಿತು ಬರೋಣ. ಅಲ್ಲಿ ಬೆಳಕು, ಗಾಳಿ, ನೀರು, ಒಳ್ಳೆಯ ಮಾತು ಇವೆಯೇ ಎಂದು ವಿಚಾರಿಸೋಣ. ವಿಚಾರಿಸುವವರಿದ್ದಾರೆ ಎಂಬ ಅರಿವೇ ಎಷ್ಟೋ ರೋಗಿಗಳಿಗೆ ಮಾತ್ರೆ ನುಂಗಲು ಮನಸ್ಸು ತಂದುಕೊಡುತ್ತದೆ.