ಬಂಗಾರದ ಬಳೆ, ವಿಮೆಯ ಕಂತು

ಆರೋಗ್ಯ ವಿಮೆ ಎಂಬ ಮಾತು ನಮ್ಮ ಸಾಗರದ ಕಡೆಯ ಮನೆಗಳಿಗೆ ಬಂದು ಬಹಳ ಕಾಲವಾಗಿಲ್ಲ. ಆದರೆ ಕಾಯಿಲೆ ಬಂದಾಗ ಹಣಕ್ಕೇನು ಮಾಡುವುದು ಎಂಬ ಪ್ರಶ್ನೆ ಬಹಳ ಹಳೆಯದು. ಅದಕ್ಕೆ ಅಷ್ಟೇ ಹಳೆಯ ಉತ್ತರವೂ ಒಂದಿತ್ತು. ಆ ಉತ್ತರ ಹೆಂಗಸರ ಕೈಯಲ್ಲಿ, ಕೊರಳಲ್ಲಿ ಇರುತ್ತಿತ್ತು. ಮದುವೆಯಲ್ಲಿ ತವರಿನವರು ಹಾಕಿದ ಬಳೆ, ಸರಗಳನ್ನು ನೋಡಿ ಹಿರಿಯರು, "ಇರಲಿ, ಆಪತ್ತಿಗಾಗುತ್ತದೆ" ಎನ್ನುತ್ತಿದ್ದರು. ಆ ಆಪತ್ತು ಕೊಳೆರೋಗ ಬಂದು ಅಡಿಕೆ ಉದುರುವುದಿರಬಹುದು, ಮಗನ ಓದಿನ ಖರ್ಚಿರಬಹುದು. ಹೆಚ್ಚಿನ ಮನೆಗಳಲ್ಲಿ ಮಾತ್ರ ಅದು ಆಸ್ಪತ್ರೆಯ ರೂಪದಲ್ಲೇ ಬರುತ್ತಿತ್ತು.

ಈಗ ಖಾಸಗಿ ಕಂಪನಿಯ ಪಾಲಿಸಿ ಮಾಡಿಸಬೇಕೇ ಬೇಡವೇ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಮಾತು ಬಂದಾಗಲೆಲ್ಲ ಒಂದೇ ಬದಿಯ ಲೆಕ್ಕ ನಡೆಯುತ್ತದೆ. ವರ್ಷಕ್ಕೆ ಇಷ್ಟು ಸಾವಿರ ಕಂತು, ಕಾಯಿಲೆ ಬರದಿದ್ದರೆ ಅಷ್ಟೂ ನಷ್ಟ ಎಂದು. ವಿಮೆ ಮಾಡಿಸದೆ ಇದ್ದರೆ ಖರ್ಚೇ ಇಲ್ಲ ಎಂಬಂತೆ ಮಾತಾಡುತ್ತೇವೆ. ಮೂವತ್ತು ವರ್ಷ ಸಮಾಜ ಪಾಠ ಹೇಳಿದ ನನಗೆ ಈ ಲೆಕ್ಕ ಪೂರ್ತಿಯಲ್ಲ ಎನ್ನಿಸುತ್ತದೆ. ವಿಮೆ ಇಲ್ಲದ ಕಾಲದಲ್ಲೂ ಕಂತು ಇತ್ತು. ಅದನ್ನು ಕಟ್ಟುತ್ತಿದ್ದವರು ಯಾರು ಎಂಬುದನ್ನು ಯಾರೂ ಬರೆದಿಡಲಿಲ್ಲ, ಅಷ್ಟೆ.

ಮೊದಲಿಗೆ ದೊಡ್ಡಾಸ್ಪತ್ರೆಗಳ ಕಾಲ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ಆರಂಭವಾಯಿತು. ಮೈಸೂರು ಸಂಸ್ಥಾನದ ಜಿಲ್ಲಾ ಕೇಂದ್ರಗಳಲ್ಲಿಯೂ ಸರ್ಕಾರಿ ಆಸ್ಪತ್ರೆಗಳು ಎದ್ದವು. ನಮ್ಮ ಕಡೆಯವರಿಗೆ ದೊಡ್ಡಾಸ್ಪತ್ರೆ ಎಂದರೆ ಶಿವಮೊಗ್ಗದ ಮೆಗ್ಗಾನ್. ಬಡವರ ಪಾಲಿಗೆ ಇವೇ ವಿಮೆ. ಸ್ವಾತಂತ್ರ್ಯ ಬಂದ ಮೇಲೆ ಕಾರ್ಖಾನೆಯ ಕೆಲಸಗಾರರಿಗಾಗಿ 1948ರಲ್ಲಿ ರಾಜ್ಯ ವಿಮಾ ಕಾನೂನು ಬಂತು. 1952ರಲ್ಲಿ ಕಾನ್ಪುರ, ದೆಹಲಿಗಳಲ್ಲಿ ಮೊದಲು ಜಾರಿಯಾಯಿತು. ಕೇಂದ್ರ ಸರ್ಕಾರದ ನೌಕರರಿಗೆ 1954ರಲ್ಲಿ ಬೇರೆ ಯೋಜನೆಯಾಯಿತು. ಇವೆರಡರ ಹೊರಗೆ ಉಳಿದವರು ನಮ್ಮಂಥವರು: ಎರಡೆಕರೆ ತೋಟದವರು, ಕಿರಾಣಿ ಅಂಗಡಿಯವರು, ಹೋಟೆಲಿನವರು, ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡ ಹೆಣ್ಣುಮಕ್ಕಳು.

ಇಂಥವರಿಗೆ ಒದಗಿದ್ದು ಉಳಿತಾಯ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆಯಾದರೂ ಸರಿ, ಏಜೆಂಟರೇ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ ಸೇರಿಹೋಯಿತು, ಪಿಗ್ಮಿ ಎಂಬ ಮಾತು ಮಾತ್ರ ನಮ್ಮ ಊರುಗಳಲ್ಲಿ ಉಳಿದಿದೆ. ಅಡುಗೆಮನೆಯ ಡಬ್ಬಿಯಲ್ಲಿ ಚಿಲ್ಲರೆ ಕೂಡಿಡುತ್ತಿದ್ದ ಎಷ್ಟೋ ಗೃಹಿಣಿಯರಿಗೆ ಬ್ಯಾಂಕಿನ ಪರಿಚಯವಾದದ್ದೇ ಪಿಗ್ಮಿಯಿಂದ. ಜ್ವರ, ನೆಗಡಿ, ಒಂದು ಹೆರಿಗೆ ಇಷ್ಟಕ್ಕೆ ಪಿಗ್ಮಿ ಸಾಕಾಗುತ್ತಿತ್ತು. ಅದಕ್ಕಿಂತ ದೊಡ್ಡದು ಬಂದರೆ ಬಳೆಯೇ ಗತಿ.

1979ರಲ್ಲಿ ನಮ್ಮ ಅಪ್ಪನ ಹೊಟ್ಟೆಯ ಹುಣ್ಣು ಒಡೆದು ಘಟ್ಟದ ಕೆಳಗಿನ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಅಮ್ಮ ನಾಲ್ಕು ಬಳೆ ಬಿಚ್ಚಿಕೊಟ್ಟಳು. ಅಡವಿಟ್ಟು ಸಿಕ್ಕಿದ್ದು 2,400 ರೂಪಾಯಿ. ಅಪ್ಪ ಉಳಿದರು, ಮತ್ತೆ ಇಪ್ಪತ್ತೈದು ವರ್ಷ ಬದುಕಿದರು. ನಾಲ್ಕರಲ್ಲಿ ಎರಡು ಬಳೆ ಮಾತ್ರ ಮನೆಗೆ ಬಂದವು. ಬಡ್ಡಿ ಬೆಳೆದು ಉಳಿದೆರಡು ಹರಾಜಾದವು. ಅಪ್ಪನ ಕಾಯಿಲೆಗೆ ಎಷ್ಟು ಖರ್ಚಾಯಿತು ಎಂದು ನೆಂಟರು ಕೇಳಿದಾಗ ಬಸ್ಸಿನ ಚಾರ್ಜು, ಡಾಕ್ಟರ ಫೀಸು, ಔಷಧಿ ಎಲ್ಲದರ ಲೆಕ್ಕ ಬರುತ್ತಿತ್ತು. ಆ ಎರಡು ಬಳೆಯ ಮಾತು ಬರುತ್ತಿರಲಿಲ್ಲ. ಅಮ್ಮನೂ ಎತ್ತುತ್ತಿರಲಿಲ್ಲ. ಗಾಜಿನ ಬಳೆಯ ನಡುವೆ ಉಳಿದೆರಡನ್ನು ಕೈಗೊಂದರಂತೆ ಹಾಕಿಕೊಂಡು ಓಡಾಡುತ್ತಿದ್ದಳು.

ಆ ಹೊತ್ತಿಗೆ ವಿಮಾ ವ್ಯವಹಾರ ಸರ್ಕಾರದ ಕೈಗೆ ಬಂದಿತ್ತು. 1972ರ ಕಾನೂನಿನಂತೆ ದೇಶದ ನೂರೇಳು ಸಾಮಾನ್ಯ ವಿಮಾ ಕಂಪನಿಗಳನ್ನು 1973ರ ಜನವರಿಯಿಂದ ನಾಲ್ಕಾಗಿ ಒಂದುಗೂಡಿಸಿದರು. ಈ ನಾಲ್ಕೂ ಸೇರಿ 1986ರಲ್ಲಿ ಮೆಡಿಕ್ಲೇಮ್ ಎಂಬ ಪಾಲಿಸಿ ತಂದವು. ಸಾಮಾನ್ಯ ಮನೆಯವರು ಹಣ ಕೊಟ್ಟು ಕೊಳ್ಳಬಹುದಾದ ಆರೋಗ್ಯ ವಿಮೆ ನಮ್ಮಲ್ಲಿ ಬೆಳೆದದ್ದು ಅಲ್ಲಿಂದ. ಕಟ್ಟಿದ ಕಂತಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿಯೂ ಸಿಕ್ಕಿತು.

ಆದರೆ ಅದರ ಷರತ್ತುಗಳನ್ನು ಒಬ್ಬ ಹೆಂಗಸಿನ ಕಣ್ಣಿನಿಂದ ಓದಿ ನೋಡಿ. ಪಾಲಿಸಿ ಮಾಡಿಸುವ ಮೊದಲೇ ಇದ್ದ ಕಾಯಿಲೆಗೆ ಹಣವಿಲ್ಲ. ಬಸಿರು, ಬಾಣಂತನ, ಸಿಸೇರಿಯನ್‌ಗೂ ಇಲ್ಲ. ಹರೆಯದ ಹೆಣ್ಣುಮಗಳು ಆಸ್ಪತ್ರೆ ಮೆಟ್ಟಿಲು ಹತ್ತುವುದೇ ಹೆಚ್ಚಾಗಿ ಹೆರಿಗೆಗೆ, ಅದನ್ನೇ ಹೊರಗಿಟ್ಟರು. ಇನ್ನೊಂದು ತೊಡಕು, ಮೊದಲು ಆಸ್ಪತ್ರೆಗೆ ನಾವೇ ಹಣ ತುಂಬಿ ಆಮೇಲೆ ರಸೀದಿಗಳನ್ನು ಕಳಿಸಿ ಕಾಯಬೇಕು. ಕಾಯುವಷ್ಟು ಕಾಲ ಬಳೆ ಹೇಗೂ ಅಡವಿನಲ್ಲೇ ಇರುತ್ತಿತ್ತು. 1996ರಲ್ಲಿ ಕಡಿಮೆ ವರಮಾನದವರಿಗೆಂದು ಜನ ಆರೋಗ್ಯ ಪಾಲಿಸಿ ಬಂತು. ನಲವತ್ತೈದರೊಳಗಿನವರಿಗೆ ವರ್ಷಕ್ಕೆ 70 ರೂಪಾಯಿ, ಸಿಗುವುದು 5,000 ರೂಪಾಯಿಯ ರಕ್ಷಣೆ. ನಮ್ಮ ಊರಿನಲ್ಲಿ ಅದನ್ನು ಮಾಡಿಸಿದವರನ್ನು ನಾನು ಕಾಣಲಿಲ್ಲ.

1999ರ ಕಾನೂನಿನ ಮೂಲಕ ವಿಮೆಯ ಬಾಗಿಲು ಖಾಸಗಿಯವರಿಗೆ ತೆರೆಯಿತು. 2000ದಿಂದ ಕಂಪನಿಗಳು ಬರತೊಡಗಿದವು. 2006ರಲ್ಲಿ ಆರೋಗ್ಯ ವಿಮೆಯನ್ನಷ್ಟೇ ಮಾರುವ ಕಂಪನಿಯೂ ಬಂತು. ಕಾರ್ಡು ತೋರಿಸಿ ಹಣ ಕಟ್ಟದೆ ಆಸ್ಪತ್ರೆ ಸೇರುವ ಕ್ಯಾಶ್‌ಲೆಸ್ ಏರ್ಪಾಡು ರೂಢಿಗೆ ಬಂದದ್ದು ಈ ಕಾಲದಲ್ಲೇ. ಬಳೆಯನ್ನು ಕೈಯಲ್ಲೇ ಉಳಿಸಬಲ್ಲ ಮೊದಲ ವಿಮೆ ಇದು ಎಂದರೆ ತಪ್ಪಾಗದು.

ಆದರೆ ನಮ್ಮ ಹಳ್ಳಿಗಳ ಮಟ್ಟಿಗೆ ದೊಡ್ಡ ಬದಲಾವಣೆ ತಂದದ್ದು ಯಾವ ಕಂಪನಿಯೂ ಅಲ್ಲ, ಸಹಕಾರ ಸಂಘ. 2003ರ ಜೂನ್ 1ರಂದು ಯಶಸ್ವಿನಿ ಯೋಜನೆ ಜಾರಿಯಾಯಿತು. ಹೃದಯ ತಜ್ಞ ಡಾ. ದೇವಿಪ್ರಸಾದ್ ಶೆಟ್ಟಿಯವರ ಯೋಚನೆ, ಸಹಕಾರ ಇಲಾಖೆಯ ಬಲ, ಸರ್ಕಾರದ ನೆರವು ಮೂರೂ ಸೇರಿದವು. ಸಂಘದ ಸದಸ್ಯರು ತಲೆಗೆ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಬೇಕು. ಸಾವಿರದ ಆರುನೂರಕ್ಕೂ ಹೆಚ್ಚು ಬಗೆಯ ಶಸ್ತ್ರಚಿಕಿತ್ಸೆ ನಿಗದಿಯಾದ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು.

ನಮ್ಮ ಅತ್ತಿಗೆಗೆ ಮೂರು ವರ್ಷದಿಂದ ಹೆಚ್ಚು ರಕ್ತ ಹೋಗುತ್ತಿತ್ತು. ಗರ್ಭಕೋಶದಲ್ಲಿ ಗಡ್ಡೆ. ಅಣ್ಣನಿಗೆ ಹೇಳಿದರೆ ಸಾಲ ಮಾಡುತ್ತಾನೆ, ಮಗಳ ಕಾಲೇಜು ನಿಲ್ಲುತ್ತದೆ ಎಂದು ಆಕೆ ಯಾರಿಗೂ ಹೇಳಿರಲಿಲ್ಲ. ರಕ್ತ ಕಡಿಮೆಯಾಗಿ ಕಣ್ಣು ಬೆಳ್ಳಗಾಗಿದ್ದವು, ಕೊಟ್ಟಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ಸಂಘದ ಕಾರ್ಯದರ್ಶಿ ಮನೆಗೆ ಬಂದು ಯಶಸ್ವಿನಿ ಹಣ ಕಟ್ಟಿಸಿಕೊಂಡು ಹೋದ ಮೇಲೆ ಆಕೆ ಬಾಯಿಬಿಟ್ಟಳು. ಆಪರೇಷನ್ ಆಯಿತು. "ಅರವತ್ತು ರೂಪಾಯಿಗೆ ಹೇಳುವ ಧೈರ್ಯ ಬಂತು ಮಾರಾಯ್ತಿ" ಎಂದಳು. ವಿಮೆ ಇಲ್ಲದಿದ್ದರೆ ಖರ್ಚಿಲ್ಲ ಎನ್ನುವವರು ಆ ಮೂರು ವರ್ಷವನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತಾರೆ?

ಯಶಸ್ವಿನಿ ನಮ್ಮವರಿಗೆ ಅರ್ಥವಾದದ್ದಕ್ಕೆ ಕಾರಣವಿದೆ. ನಮ್ಮಲ್ಲಿ ಮುಯ್ಯಾಳು ಎಂಬ ಪದ್ಧತಿಯಿತ್ತು: ಇಂದು ನಿಮ್ಮ ಗದ್ದೆಯ ನೆಟ್ಟಿಗೆ ನಾನು, ನಾಳೆ ನಮ್ಮದಕ್ಕೆ ನೀವು. ವಿಮೆಯೂ ಒಂದು ಮುಯ್ಯಿಯೇ. ಕಟ್ಟಿದ ಹಣ ಈ ವರ್ಷ ಇನ್ನೊಬ್ಬರ ಮನೆಯ ಕಾಯಿಲೆಗೆ ಹೋಗುತ್ತದೆ. ಅದು ನಷ್ಟವಲ್ಲ, ಮುಯ್ಯಿ. ಆದರೆ ಮುಯ್ಯಿ ನಡೆಯಬೇಕಾದರೆ ಎಲ್ಲರೂ ಬರಬೇಕು. ಮುಂದೆ ಕಂತು 120 ರೂಪಾಯಿಗೆ ಏರಿದಾಗ, ಕಾಯಿಲೆಯಿಲ್ಲದವರು "ನಮಗ್ಯಾಕೆ" ಎಂದು ಹಿಂದೆ ಸರಿದದ್ದನ್ನು ನಮ್ಮೂರ ಸಂಘದಲ್ಲೇ ಕಂಡೆ. ಗಟ್ಟಿಯಿದ್ದವರು ಬಿಟ್ಟರೆ ಉಳಿಯುವವರು ರೋಗಿಗಳು. ಆಗ ಕಂತು ಇನ್ನೂ ಏರಲೇಬೇಕು. ಎಲ್ಲ ವಿಮೆಯ ಹೊಟ್ಟೆನೋವೂ ಇದೇ. ಯೋಜನೆ 2018ರಲ್ಲಿ ನಿಂತುಹೋಗಿ, 2022ರಲ್ಲಿ ಮತ್ತೆ ಘೋಷಣೆಯಾಯಿತು. ಆಗ ನಾಲ್ಕು ಜನರ ಕುಟುಂಬಕ್ಕೆ ಹಳ್ಳಿಯಲ್ಲಿ 500 ರೂಪಾಯಿ, ಪಟ್ಟಣದಲ್ಲಿ 1,000 ಎಂದು ಗೊತ್ತುಮಾಡಿದರು.

ವಿಮೆ ಬಂದ ಮಾತ್ರಕ್ಕೆ ಹೆಂಗಸರು ಕ್ಷೇಮ ಎಂದೂ ತಿಳಿಯಬೇಕಾಗಿಲ್ಲ. ಹಣ ಬೇರೆಯವರು ಕೊಡುತ್ತಾರೆಂದಾಗ ಬೇಡದ ಶಸ್ತ್ರಚಿಕಿತ್ಸೆಯೂ ನಡೆಯುತ್ತದೆ. ಬಿಹಾರ, ಛತ್ತೀಸಗಢ, ರಾಜಸ್ಥಾನಗಳಲ್ಲಿ ಬಡ ಹೆಂಗಸರ ಗರ್ಭಕೋಶಗಳನ್ನು ಅಗತ್ಯವಿಲ್ಲದೆ ತೆಗೆದ ದೂರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇದನ್ನು ತಡೆಯುವ ನಿಯಮಗಳನ್ನು ಎಲ್ಲ ರಾಜ್ಯಗಳೂ ಪಾಲಿಸಬೇಕೆಂದು 2023ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಹೇಳಿತು. ಕಾರ್ಡು ಕೈಯಲ್ಲಿದ್ದರೂ ಇನ್ನೊಬ್ಬ ಡಾಕ್ಟರನ್ನು ಕೇಳಿಯೇ ಒಪ್ಪಬೇಕು.

2018ರಲ್ಲಿ ಆಯುಷ್ಮಾನ್ ಭಾರತ ಬಂದು ನಮ್ಮ ರಾಜ್ಯದ ಆರೋಗ್ಯ ಕರ್ನಾಟಕದೊಂದಿಗೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ; ಎಪಿಎಲ್ ಕಾರ್ಡಿನವರಿಗೆ ನಿಗದಿತ ದರದ ನೂರಕ್ಕೆ ಮೂವತ್ತು ಪಾಲು ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿಯಲ್ಲಿ. ಇವೆಲ್ಲ ವ್ಯರ್ಥವಾಗಿಲ್ಲ. ದೇಶದಲ್ಲಿ ಆರೋಗ್ಯಕ್ಕೆ ಖರ್ಚಾಗುವ ನೂರು ರೂಪಾಯಿಯಲ್ಲಿ ಜನ ತಮ್ಮ ಜೇಬಿನಿಂದ ಕೊಡುತ್ತಿದ್ದದ್ದು 2013-14ರಲ್ಲಿ 64. 2021-22ಕ್ಕೆ ಅದು 39ಕ್ಕೆ ಇಳಿದಿದೆ ಎಂದು ಸರ್ಕಾರದ ಲೆಕ್ಕ ಹೇಳುತ್ತದೆ. ಆದರೂ 39 ಸಣ್ಣ ಸಂಖ್ಯೆಯಲ್ಲ. ಅದರ ಬಹುಪಾಲು ಭಾರ ಬಿಪಿಎಲ್ ಕಾರ್ಡೂ ಇಲ್ಲದ, ಸರ್ಕಾರಿ ನೌಕರಿಯೂ ಇಲ್ಲದ ನಮ್ಮಂಥವರಿಗೆ ಗೊತ್ತು.

ನಾನು ಖಾಸಗಿ ಪ್ರೌಢಶಾಲೆಯ ಮೇಷ್ಟ್ರಮ್ಮ, ಪಿಂಚಣಿಯಿಲ್ಲ. ನಮ್ಮವರಿಗೆ ಸಣ್ಣ ಅಂಗಡಿ. ಇಬ್ಬರಿಗೂ ಸೇರಿ 5 ಲಕ್ಷದ ಪಾಲಿಸಿಗೆ ಕಂತು 29,000, ಅದರ ಮೇಲೆ ನೂರಕ್ಕೆ ಹದಿನೆಂಟರ ತೆರಿಗೆ ಸೇರಿ 34,220 ಕಟ್ಟುತ್ತಿದ್ದೆವು. 2025ರ ಸೆಪ್ಟೆಂಬರ್ 22ರಿಂದ ಆ ತೆರಿಗೆ ಹೋಯಿತು. ಸಂತೋಷಪಡುವಷ್ಟರಲ್ಲಿ, ವಯಸ್ಸಿನ ಹಂತ ದಾಟಿತು ಎಂದು ಮೂಲ ಕಂತೇ 31,500 ಆಯಿತು. ಎರಡು ತಿಂಗಳ ಮನೆಸಾಮಾನಿನ ದುಡ್ಡು ಅದು. ಅದೇ ಹಣವನ್ನು ವರ್ಷವರ್ಷ ಬ್ಯಾಂಕಿಗೆ ಹಾಕಿದರೆ ಹತ್ತು ವರ್ಷಕ್ಕೆ ಅಸಲೇ ಮೂರು ಲಕ್ಷ ದಾಟುತ್ತದೆ, ಬಡ್ಡಿ ಬೇರೆ. ಕಾಯಿಲೆ ಬರದಿದ್ದರೆ ಹಣ ನಮ್ಮದೇ. ಹೀಗೆ ವಾದಿಸುವ ನಮ್ಮವರ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಹೃದಯ ಹತ್ತು ವರ್ಷ ಕಾಯುತ್ತದೆಂದು ಯಾರು ಹೇಳಿದರು? ಎರಡನೆಯ ವರ್ಷವೇ ಕೈಕೊಟ್ಟರೆ ಬ್ಯಾಂಕಿನಲ್ಲಿ ಇರುವುದು ಅರವತ್ತು ಚಿಲ್ಲರೆ ಸಾವಿರ.

ಪಾಲಿಸಿ ಇದ್ದೂ ಕೈ ಖಾಲಿಯಾದ ಕಥೆಯೂ ಉಂಟು. ನನ್ನ ಸಹೋದ್ಯೋಗಿಯೊಬ್ಬರಿಗೆ ಪಾಲಿಸಿ ಮಾಡಿಸಿದ ಹದಿನಾಲ್ಕನೆಯ ತಿಂಗಳಿನಲ್ಲಿ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ಈ ಕಾಯಿಲೆಗೆ ಎರಡು ವರ್ಷ ತುಂಬಿರಬೇಕು ಎಂದು ಕಂಪನಿ ಹಣ ನಿರಾಕರಿಸಿತು. ಏಜೆಂಟ್ ಹೇಳಿರಲಿಲ್ಲ, ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಎರಡೆಳೆ ಸರ ಮತ್ತೆ ಬ್ಯಾಂಕಿಗೆ ಹೋಯಿತು. ಮೊದಲೇ ಇದ್ದ ಕಾಯಿಲೆಗೆ ಕಾಯುವ ಗರಿಷ್ಠ ಅವಧಿಯನ್ನು 2024ರಲ್ಲಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿದ್ದಾರೆ. ಅರವತ್ತೈದು ದಾಟಿದವರಿಗೂ ಬಾಗಿಲು ತೆರೆಯಬೇಕೆಂದಿದ್ದಾರೆ. ಒಳ್ಳೆಯದೇ. ಆದರೆ ಕಾಯುವ ಕಾಲ ಗಟ್ಟಿಯಿದ್ದಾಗ ಕಳೆಯಬೇಕು, ಹಾಸಿಗೆ ಹಿಡಿದ ಮೇಲಲ್ಲ.

ಎಲ್ಲವನ್ನೂ ತೂಗಿ ನಾನು ಮಾಡಿಕೊಂಡಿರುವ ತೀರ್ಮಾನ ಇಷ್ಟು. ಬಿಪಿಎಲ್ ಕಾರ್ಡು, ಸಹಕಾರ ಸಂಘದ ಸದಸ್ಯತ್ವ ಇರುವವರು ಮೊದಲು ಅವುಗಳ ಸೌಲಭ್ಯ ಪಡೆಯಬೇಕು. ಸಣ್ಣ ಕಾಯಿಲೆಗೆ ವಿಮೆಯ ಮುಖ ನೋಡದೆ ಪಿಗ್ಮಿಯಂಥ ಉಳಿತಾಯ ಇಟ್ಟುಕೊಳ್ಳಬೇಕು. ಮನೆಯನ್ನೇ ಮುಳುಗಿಸುವ ದೊಡ್ಡ ಕಾಯಿಲೆಗೆ ಮಾತ್ರ, ಕೈಲಾದಷ್ಟು ಮೊತ್ತದ ಪಾಲಿಸಿ. ಅದರಲ್ಲಿ ಹೆಂಡತಿಯ ಹೆಸರು ಇದೆಯೇ ಎಂದು ನೋಡಿಕೊಳ್ಳಬೇಕು. ದುಡಿಯುವ ಗಂಡನಿಗಷ್ಟೇ ಮಾಡಿಸಿ ಸುಮ್ಮನಾದ ಮನೆಗಳು ನನಗೆ ಗೊತ್ತು.

ಕಂತು ಕಟ್ಟಲು ಆಗದವರನ್ನು ನಾನು ದೂರಲಾರೆ. ಅವರ ಪಾಲಿಗೆ ದೊಡ್ಡಾಸ್ಪತ್ರೆಯನ್ನು ಗಟ್ಟಿ ಮಾಡುವುದೇ ಸರಿಯಾದ ವಿಮೆ. ಆದರೆ ಕಟ್ಟಲು ಆಗುವ ಮನೆಯಲ್ಲಿ ಯಾರಾದರೂ "ವಿಮೆ ದಂಡ" ಎಂದರೆ, ಹಾಗಾದರೆ ಆಪತ್ತು ಬಂದ ದಿನ ಯಾರ ಕೈಯ ಬಳೆ ಬಿಚ್ಚುವುದು ಎಂದು ಆ ಮನೆಯ ಹೆಂಗಸು ಅಂದೇ ಕೇಳಬೇಕು. ಉತ್ತರ ತನ್ನದೇ ಬಳೆ ಎಂದಾದರೆ, ಲೆಕ್ಕ ಹಾಕುವ ಪೆನ್ನೂ ಅವಳ ಕೈಯಲ್ಲೇ ಇರಬೇಕು.